ಭಾವನ ಸೀನು

ಬೆಳಿಗ್ಗೆ ಹತ್ತೂಕಾಲಿಗೆ ವಾಚ್ ರಿಪೇರಿಯವನು ಒಂದು ಸೀನು ಸೀನಿದ. ಸಾಸಿವೆ ಕಾಳಿನ ಅರ್ಧದಷ್ಟಿದ್ದ ಸ್ಕ್ರೂ ಚಿಮಟದ ತುದಿಯಿಂದ ಹಾರಿ ಎಲ್ಲಿಗೋ ಹೋಯಿತು. ವಾಚು ಶಾಲೆಯ ಹೆಡ್‌ಮೇಡಂ ಅವರದು. ಸಂಜೆಗೆ ಖಂಡಿತ ಎಂದು ಅವರಿಗೆ ಮೂರನೆಯ ಸಲ ಮಾತು ಕೊಟ್ಟಾಗಿತ್ತು.

ಸೀನಿನ ಸದ್ದಿಗೆ ಪಕ್ಕದ ಕನ್ನಡಕದ ಅಂಗಡಿಯವನು ಓಡಿ ಬಂದ. ಎದುರಿನ ದರ್ಜಿ ಅಯಸ್ಕಾಂತ ಹಿಡಿದುಕೊಂಡು ಬಂದ. ಮೂವರೂ ಅಂಬೆಗಾಲಿಟ್ಟು ಹುಡುಕತೊಡಗಿದರು. ಅಯಸ್ಕಾಂತಕ್ಕೆ ಮೊದಲೇ ಅಂಟಿಕೊಂಡಿದ್ದ ಗುಂಡುಸೂಜಿಗಳು ಉದುರಿ ಎಲ್ಲರ ಮಂಡಿಗೂ ಚುಚ್ಚಿದವೇ ಹೊರತು ಸ್ಕ್ರೂ ಸಿಗಲಿಲ್ಲ. ಅಷ್ಟರಲ್ಲಿ ಇನ್ನೆರಡು ಸೀನು ಬಂದು ಮೇಜಿನ ಮೇಲಿದ್ದ ಮುಳ್ಳುಗಳೂ ಸ್ಕ್ರೂವಿನ ಹಿಂದೆಯೇ ಹೊರಟುಹೋದವು.

ಇದು ನೆಗಡಿ ಎಂದು ದರ್ಜಿ ತೀರ್ಪು ಕೊಟ್ಟ. ಯಾರದೋ ಕೋಟಿನ ಒಳಪದರಕ್ಕೆಂದು ಇಟ್ಟಿದ್ದ ಅಸ್ತರಿ ಬಟ್ಟೆಯನ್ನು ತಂದು ರಿಪೇರಿಯವನ ಕಿವಿ ಮುಚ್ಚುವಂತೆ ತಲೆಗೆ ಸುತ್ತಿದ. ಕನ್ನಡಕದವನು ಒಪ್ಪಲಿಲ್ಲ. ನೆಗಡಿಯಾದರೆ ವಾರ, ಹತ್ತು ದಿನದಲ್ಲಿ ಹೋಗಬೇಕು. ಇವನಿಗೆ ಮೂರು ತಿಂಗಳಾಯಿತು, ಜ್ವರವಿಲ್ಲ, ಮೈಕೈ ನೋವಿಲ್ಲ, ಬರೀ ಕಣ್ಣುರಿ, ಮೂಗಿನಲ್ಲಿ ನಲ್ಲಿ ಬಿಟ್ಟಂತೆ ನೀರು.

"ಇದು ಅಲರ್ಜಿ," ಎಂದ. "ನಿನಗೆ ಈ ವಾಚುಗಳೇ ಆಗಿಬರ್ತಿಲ್ಲ ಅನ್ಸುತ್ತೆ."

ರಿಪೇರಿಯವನು ತನ್ನ ಕೈ ನೋಡಿಕೊಂಡ. ಇಪ್ಪತ್ತೆರಡು ವರ್ಷ ಹಲ್ಲುಚಕ್ರ ಬಿಟ್ಟು ಬೇರೇನೂ ಮುಟ್ಟದ ಕೈ ಅದು. ವಾಚು ಬಿಡು ಎಂದರೆ ಬಾವಿಗೆ ಬೀಳು ಎಂದಂತೆ. ಅಸ್ತರಿ ಸುತ್ತಿದ ತಲೆಯಲ್ಲೇ ಅವನು ಡಾಕ್ಟರ ಬಳಿಗೆ ಹೊರಟ. ಕರೆಯದಿದ್ದರೂ ಕನ್ನಡಕದವನು ಅಂಗಡಿಗೆ ಬೀಗ ಹಾಕಿ ಜೊತೆಗೆ ಬಂದ.

ಡಾಕ್ಟರು ಮೂಗು, ಗಂಟಲು, ಕಣ್ಣು ನೋಡಿದರು. ನಮ್ಮ ಮೈಯೊಳಗೊಬ್ಬ ಕಾವಲುಗಾರ ಇರುತ್ತಾನೆ, ಕೆಲವರ ಕಾವಲುಗಾರ ಸುಮ್ಮನೆ ಬಂದ ನೆಂಟನನ್ನೂ ಕಳ್ಳನೆಂದು ತಿಳಿದು ರಂಪ ಮಾಡುತ್ತಾನೆ, ಅದೇ ಅಲರ್ಜಿ ಎಂದು ವಿವರಿಸಿದರು. ಆ ಕಾವಲುಗಾರನ ಮೇಲೆ ರಿಪೇರಿಯವನಿಗೆ ತುಂಬಾ ಗೌರವ ಬಂತು.

"ಮೂರು ತಿಂಗಳ ಹಿಂದೆ ಮನೆಗೆ ಹೊಸದಾಗಿ ಏನಾದ್ರೂ ಬಂತಾ?" ಎಂದು ಡಾಕ್ಟರು ಕೇಳಿದರು.

"ಹೆಂಡತಿ ತಮ್ಮ ಬಂದ."

"ಅದಕ್ಕೆ ನನ್ನ ಹತ್ರ ಪರೀಕ್ಷೆ ಇಲ್ಲ. ಬೇರೆ?"

"ಅವನ ಬೆಕ್ಕು."

ಡಾಕ್ಟರು ಬಗ್ಗಿ ಅವನ ಅಂಗಿಯ ತೋಳಿನಿಂದ ಒಂದು ಬಿಳಿ ಕೂದಲನ್ನು ಎತ್ತಿ ಬೆಳಕಿಗೆ ಹಿಡಿದರು.

ಭಾವಮೈದುನ ಕೆಟ್ಟವನೇನಲ್ಲ. ಹೊಸ ಕೆಲಸದ ಮೇಲೆ ಬಂದವನು, ಬಾಡಿಗೆ ಮನೆ ಸಿಗುವವರೆಗೆ ನಾಲ್ಕು ದಿನ ಎಂದು ಇಳಿದಿದ್ದ. ಬೆಕ್ಕಿದೆ ಎಂದ ಕೂಡಲೇ ಮನೆ ಮಾಲೀಕರೆಲ್ಲ ಬಾಗಿಲು ಹಾಕುತ್ತಿದ್ದರು. ಹಾಗಾಗಿ ಕಿಟಕಿಯ ಪಕ್ಕದ ಭಾವನ ಕುರ್ಚಿಯಲ್ಲಿ ಅವನು, ಭಾವನ ದಿಂಬಿನ ಮೇಲೆ ಅವನ ಬೆಕ್ಕು. ಭಾವ ಸ್ನಾನಕ್ಕೆಂದು ಟವಲು ಹಿಡಿದು ನಿಂತರೆ ಒಳಗಿನಿಂದ ಭಾವಮೈದುನನ ಹಾಡು ಕೇಳಿಸುತ್ತಿತ್ತು. ಹೊರಡು ಎನ್ನಲು ರಿಪೇರಿಯವನಿಗೆ ಬಾಯಿ ಬರುತ್ತಿರಲಿಲ್ಲ.

ಡಾಕ್ಟರು ರಿಪೇರಿಯವನ ಮುಂಗೈ ಮೇಲೆ ಪರೀಕ್ಷೆಯ ಐದು ಹನಿ ಹಾಕಿ, ಒಂದೊಂದಕ್ಕೂ ಸೂಜಿಯ ತುದಿ ತಾಗಿಸಿ, ಇಪ್ಪತ್ತು ನಿಮಿಷ ತುರಿಸಬಾರದೆಂದರು. ಹನಿಗೊಂದು ಅನುಮಾನ: ಮನೆಯ ದೂಳು, ಹೂವಿನ ಪರಾಗ, ಬೂಷ್ಟು, ಜಿರಳೆ, ಕೊನೆಯದು ಬೆಕ್ಕು. ರಿಪೇರಿಯವನು ಉಸಿರು ಬಿಗಿಹಿಡಿದು ಐದನೆಯದನ್ನೇ ನೋಡುತ್ತ ಕೂತ. ಹತ್ತನೆಯ ನಿಮಿಷಕ್ಕೆ ಅದು ಕೆಂಪಾಯಿತು. ಹದಿನೈದಕ್ಕೆ ಉಬ್ಬಿತು. ಇಪ್ಪತ್ತಕ್ಕೆ ದೊಡ್ಡ ಸೊಳ್ಳೆ ಕಚ್ಚಿದಂತೆ ದುಂಡಗೆ ಎದ್ದು ನಿಂತಿತು. ಉಳಿದ ನಾಲ್ಕೂ ತಣ್ಣಗಿದ್ದವು.

ಹೊಟ್ಟೆಪಾಡಿಗೇನೂ ಆಗಿಲ್ಲ, ಬೆಕ್ಕನ್ನು ದೂರವಿಟ್ಟರೆ ಸಾಕು ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಎದೆಯ ಮೇಲಿನ ಚಪ್ಪಡಿ ಎತ್ತಿಟ್ಟಂತಾಯಿತು. ವಾಚು ಉಳಿಯಿತು, ಬೆಕ್ಕು ಹೊರಟಿತು, ಬೆಕ್ಕಿನ ಹಿಂದೆ ಯಜಮಾನನೂ ಹೊರಡಲೇಬೇಕು. ಅದೂ ಡಾಕ್ಟರ ಸಹಿಯ ಮೇಲೆ, ತಾನು ಬಾಯಿ ಬಿಡದೆಯೇ. ತಲೆಯ ಅಸ್ತರಿ ಬಿಚ್ಚಿ, ಮಡಿಸಿ, ಚೀಟಿಯನ್ನು ಜೇಬಿಗಿಟ್ಟುಕೊಂಡು ಅವನು ಹಗುರಾಗಿ ಹೊರಬಂದ. ಹೊರಗೆ ಕನ್ನಡಕದವನು ಫೋನು ಕಿವಿಯಿಂದ ಇಳಿಸುತ್ತಿದ್ದ. ಮನೆಯಲ್ಲಿ ಗಾಬರಿಯಾಗಬಾರದೆಂದು ರಿಪೇರಿಯವನ ಹೆಂಡತಿಗೆ ಬೆಕ್ಕಿನ ವಿಷಯವೆಲ್ಲ ಹೇಳಿದ್ದಾಯಿತು ಎಂದ. ರಿಪೇರಿಯವನು ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಸಂಜೆ ಹೆಡ್‌ಮೇಡಂ ಅವರಿಗೆ ನಾಲ್ಕನೆಯ ಸಲ ಮಾತು ಕೊಟ್ಟು ಮನೆಗೆ ಬಂದರೆ, ನಡುಮನೆಯಲ್ಲಿ ತುಂಬಿದ ಸೂಟ್‌ಕೇಸು ನಿಂತಿತ್ತು. ಬೆಕ್ಕು ಎಲ್ಲೂ ಇರಲಿಲ್ಲ. ಭಾವಮೈದುನ ಕಣ್ಣೊರೆಸಿಕೊಳ್ಳುತ್ತಿದ್ದ. ರಿಪೇರಿಯವನ ಕಣ್ಣಲ್ಲೂ ಎಂದಿನಂತೆ ನೀರಿತ್ತು. ಅದನ್ನು ಕಂಡು ಹೆಂಡತಿಗೂ ಅಳು ಬಂತು.

"ಭಾವ, ಬೆಳಿಗ್ಗೆ ಒಂದು ಮನೆ ಸಿಕ್ಕಿತ್ತು," ಎಂದ ಭಾವಮೈದುನ. "ಯಜಮಾನಮ್ಮನಿಗೆ ಬೆಕ್ಕು ಅಂದ್ರೆ ಪ್ರಾಣ. ನಾಳೆನೇ ಹೋಗೋದು ಅಂತ ಎಲ್ಲ ಕಟ್ಟಿದ್ದೆ. ಅಷ್ಟರಲ್ಲಿ ಫೋನ್ ಬಂತು. ನನ್ನಿಂದ ನೀವು ಇಷ್ಟು ಕಷ್ಟಪಟ್ಟೂ ಒಂದು ಮಾತು ಅನ್ನಲಿಲ್ಲ. ತಕ್ಷಣ ಹೋಗಿ ಬೆಕ್ಕನ್ನ ಆಯಮ್ಮನಿಗೇ ಕೊಟ್ಟುಬಂದೆ."

"ಮತ್ತೆ ಮನೆ?" ರಿಪೇರಿಯವನ ಸ್ವರ ಸಣ್ಣಗಾಗಿತ್ತು.

"ಮನೆ ಬೇಡ ಅಂದೆ. ಆ ತಗ್ಗು ಚಾವಣಿ, ಆ ಕತ್ತಲೆ ಕೋಣೆ ಒಪ್ಪಿದ್ದೇ ಬೆಕ್ಕಿಗೋಸ್ಕರ. ಈಗ ನಾನೊಬ್ಬನೇ ಅಲ್ವಾ, ಇಲ್ಲಿದ್ರೆ ಯಾರಿಗೂ ತೊಂದರೆ ಇಲ್ಲ."

ಹೆಂಡತಿ ತಮ್ಮನ ಬೆನ್ನು ಸವರಿದಳು. ಅವನು ಡಾಕ್ಟರಿಗೂ ಫೋನು ಮಾಡಿ ಕೇಳಿದ್ದನಂತೆ. ಬೆಕ್ಕು ಹೋದರೂ ಅದರ ಮೈಯ ಹೊಟ್ಟು ಹಾಸಿಗೆಯಲ್ಲಿ, ಪರದೆಯಲ್ಲಿ ಐದಾರು ತಿಂಗಳಾದರೂ ಉಳಿಯುತ್ತದಂತೆ. ದಿನವೂ ಒರೆಸಬೇಕು, ಒಗೆಯಬೇಕು, ಅಕ್ಕ ಒಬ್ಬಳಿಂದ ಆಗುವ ಕೆಲಸವಲ್ಲ.

"ನಿಮ್ಮ ಸೀನು ಪೂರ್ತಿ ನಿಲ್ಲೋವರೆಗೂ ನಾನು ಈ ಮನೆ ಬಿಟ್ಟು ಕದಲಲ್ಲ, ಭಾವ," ಎನ್ನುತ್ತ ಅವನು ಸೂಟ್‌ಕೇಸು ತೆರೆದು ಒಂದೊಂದೇ ಅಂಗಿಯನ್ನು ಕೊಡವಿ ಗೂಟಕ್ಕೆ ಹಾಕತೊಡಗಿದ.

ಹೋಗು, ಇನ್ನೂ ಹೊತ್ತಾಗಿಲ್ಲ, ಆ ಮನೆ ಹಿಡಿ ಎನ್ನಲು ರಿಪೇರಿಯವನು ಮೂರು ತಿಂಗಳಲ್ಲಿ ಮೊದಲ ಸಲ ಗಟ್ಟಿ ಮನಸ್ಸು ಮಾಡಿ ಬಾಯಿ ತೆರೆದ. ಸಾಲಾಗಿ ನಾಲ್ಕು ಸೀನು ಬಂದವು.

"ನೋಡಿದ್ಯಾ ಅಕ್ಕ," ಎಂದ ಭಾವಮೈದುನ ಮರುಕದಿಂದ, "ಆರು ತಿಂಗಳಲ್ಲೂ ಮುಗಿಯೋ ಹಾಗೆ ಕಾಣಲ್ಲ."