ಸುಳ್ಳು ನೊಣ, ನಿಜವಾದ ಅತ್ತೆ

ಕೆಲವರಿಗೆ ಎರಡು ಹನಿ ಮಳೆ ತಲೆಯ ಮೇಲೆ ಬಿದ್ದರೆ ಸಾಕು, ಶೀತ ಹಿಡಿಯುತ್ತದೆ. ನನಗೆ ಹೊಸದೇನಾದರೂ ಕಲಿಯಲು ಹೊರಟರೆ ಸಾಕು, ಫಜೀತಿ ಹಿಡಿಯುತ್ತದೆ. ಹಾಗಂತ ಕಲಿಯುವುದನ್ನು ನಾನು ಬಿಟ್ಟವನಲ್ಲ. ಶೀತವಾಗುತ್ತದೆಂದು ಯಾರಾದರೂ ಮಳೆಗಾಲವಿಡೀ ಮನೆಯೊಳಗೇ ಕೂರುತ್ತಾರೆಯೇ?

ಅಂಕೋಲೆಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ವಾಚ್ ರಿಪೇರಿ ಅಂಗಡಿ. ಈಗ ಜನ ಗಂಟೆ ನೋಡುವುದು ಮೊಬೈಲಿನಲ್ಲಿ. ನನ್ನ ಬಳಿ ಬರುವುದು ಸೆಲ್ ಹಾಕಿಸಲು, ಬೆಲ್ಟ್ ಬದಲಿಸಲು, ಇಲ್ಲವೇ ಬಸ್ ಬರುವವರೆಗೆ ನೆರಳಲ್ಲಿ ಕೂರಲು. ಹೀಗೆ ಕೈ ಖಾಲಿಯಿದ್ದ ಒಂದು ಮಧ್ಯಾಹ್ನ ನಾನೂ ಮೊಬೈಲ್ ನೋಡುತ್ತಿದ್ದಾಗ ಫ್ಲೈ ಫಿಶಿಂಗ್ ಎಂಬುದು ಕಣ್ಣಿಗೆ ಬಿತ್ತು. ಯಾವುದೋ ತಣ್ಣನೆಯ ದೇಶದ ಹೊಳೆ. ಒಬ್ಬ ಮೊಣಕಾಲುದ್ದ ನೀರಲ್ಲಿ ನಿಂತು ಉದ್ದನೆಯ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದ. ಗಾಳಕ್ಕೆ ಸಿಗಡಿಯಿಲ್ಲ, ಎರೆಹುಳವಿಲ್ಲ. ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಹುಳದಂತೆಯೋ ಮರಿಮೀನಿನಂತೆಯೋ ಕಾಣುವ ಒಂದು ಸುಳ್ಳು ನೊಣ. ಆ ನೊಣವನ್ನು ಕಟ್ಟುವುದನ್ನೂ ತೋರಿಸಿದರು. ಕೊಕ್ಕೆಯನ್ನು ಬಿಗಿಹಿಡಿಯುವ ಪುಟ್ಟ ವೈಸ್, ಚಿಮಟ, ಕಣ್ಣಿಗೆ ಭೂತಗನ್ನಡಿ! ಮೂವತ್ತು ವರ್ಷದಿಂದ ನನ್ನ ಮೇಜಿನ ಮೇಲೆ ಇರುವುದು ಇವೇ ಅಲ್ಲವೇ? ಇದು ನನಗಾಗಿಯೇ ಹುಟ್ಟಿದ ವಿದ್ಯೆ ಎಂದು ಅಲ್ಲೇ ತೀರ್ಮಾನಿಸಿದೆ.

ಇನ್ನೊಂದು ಕಾರಣವೂ ಇತ್ತು. ನನ್ನ ಹೆಂಡತಿ ಕಾರವಾರದ ಹತ್ತಿರದ ಚಿತ್ತಾಕುಲದ ಮೀನುಗಾರರ ಮನೆಯವಳು. ಅವಳ ಅಣ್ಣನಿಗೆ ಸ್ವಂತ ಬೋಟಿದೆ. ಅತ್ತೆ ಒಂದು ಆಯುಷ್ಯವಿಡೀ ಬುಟ್ಟಿ ಹೊತ್ತು ಮೀನು ಮಾರಿದವರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಆ ಮನೆಯಲ್ಲಿ ನಾನು ಮುಳ್ಳು ಬಿಡಿಸಿ ಬಡಿಸಬೇಕಾದ ನೆಂಟ. ಒಂದು ದಿನ, ಒಂದೇ ಒಂದು ದಿನ, ಬೋಟಿಗೆ ಬನ್ನಿ ಎಂದು ಯಾರೂ ಕರೆದವರಲ್ಲ. ಇದು ನನಗೆ ನೋಯುತ್ತಿತ್ತು.

೧. ಕೋಲಿನ ಆಯ್ಕೆ

ಮೊದಲು ಕಾರವಾರದಲ್ಲಿ ಬಲೆ, ಹಗ್ಗ, ಗಾಳ ಮಾರುವ ಅಂಗಡಿಗೆ ಹೋದೆ. ಅಂಗಡಿಯವರಿಗೆ ಇಡೀ ವಿದ್ಯೆಯನ್ನು ವಿವರಿಸಿದೆ.

"ಹಂಗಾರೆ ಮೀನಿಗೆ ತಿನ್ನೂಕೆ ಎಂತದೂ ಹಾಕೂದಿಲ್ಲ?"

"ಇಲ್ಲ. ಬರೀ ಗರಿ."

"ಮೀನು ಸಿಕ್ಕಿದ್ರೆ?"

"ಆ ದೇಶದವರು ಒಂದು ಫೋಟೋ ತೆಗೆದು ವಾಪಸ್ ನೀರಿಗೆ ಬಿಡುತ್ತಾರೆ."

ಅವರು ಕೈಯಲ್ಲಿದ್ದ ಹಗ್ಗದ ಸುರುಳಿಯನ್ನು ಕೆಳಗಿಟ್ಟರು. "ಮೀನಿಗೆ ಅವ್ರು ತಿನ್ನೂಕೆ ಕೊಡೂದಿಲ್ಲ, ಮೀನನ್ನ ಅವ್ರು ತಿನ್ನೂದಿಲ್ಲ. ಮತ್ತೆ ಇಬ್ರಿಗೂ ಎಂತಕ್ಕೆ ತ್ರಾಸು ಮಾರಾಯ್ರೆ?"

ಕೊನೆಗೆ ಬೆಂಗಳೂರಿನಿಂದ ಕೊರಿಯರಿನಲ್ಲಿ ತರಿಸಿದೆ. ಆಯ್ಕೆಯಲ್ಲಿ ನಾನು ಎಡವಲಿಲ್ಲ. ಹೊಸಬರಿಗೆ ಒಂಬತ್ತಡಿಯ ಐದನೇ ನಂಬರಿನ ಕೋಲು ಸಾಕೆಂದು ವಿಡಿಯೋದವರೆಲ್ಲ ಹೇಳುತ್ತಾರೆ. ಅದು ಸಣ್ಣ ಹೊಳೆಗೆ ಸರಿ. ನಮ್ಮ ಕಡಲ ಗಾಳಿಗೆ ಎಂಟನೇ ನಂಬರೇ ಬೇಕು. ಈ ನಂಬರು ಕೋಲಿನ ತೂಕದ್ದಲ್ಲ, ಅದು ಎಸೆಯಬಲ್ಲ ದಾರದ ತೂಕದ್ದು. ಯಾಕೆಂದರೆ ಇಲ್ಲಿ ಸೀಸದ ಗುಂಡಿಲ್ಲ, ದಾರವೇ ಗುಂಡು. ರೀಲು ಉಪ್ಪುನೀರಿಗೆ ತುಕ್ಕು ಹಿಡಿಯದಂಥದ್ದು. ಇದನ್ನೆಲ್ಲ ನಾನು ಚಿತ್ತಾಕುಲದ ಮನೆಯಂಗಳದಲ್ಲಿ ಎಲ್ಲರೆದುರು ಕೋಲು ಜೋಡಿಸುತ್ತ ವಿವರಿಸಿದೆ. ಭಾವ ಕೋಲನ್ನು ಎರಡು ಬೆರಳಲ್ಲಿ ಎತ್ತಿ, ತುದಿ ಅಲ್ಲಾಡಿಸಿ, "ಚಲೋ ಅದೆ. ಜೇಡರ ಬಲೆ ತೆಗೀಲಿಕ್ಕಾ?" ಎಂದರು.

ಎಲ್ಲರೂ ನಕ್ಕರು. ನನಗೆ ತಲೆ ಬಿಸಿಯಾಯಿತು. "ಮಳೆಗೆ ಕಡಲು ಬಂದ್ ಆಗೂದ್ರೊಳಗೆ, ನಾನೇ ಕಟ್ಟಿದ ನೊಣವನ್ನ ಕಚ್ಚಿದ ಮೀನನ್ನ ಅತ್ತೆಗೆ ತಿನ್ನಿಸ್ತೇನೆ" ಎಂದುಬಿಟ್ಟೆ.

ಅತ್ತೆ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಸಿಗದಿದ್ರೆ?"

"ಈ ಕೋಲು ನಿಮಗೆ."

"ಹಂಗಾರೆ ಮುರೀಬೇಡಿ" ಎಂದರು ಅತ್ತೆ. "ಹಿತ್ತಲಲ್ಲಿ ನುಗ್ಗೆಕಾಯಿ ಭಾಳ ಎತ್ತರದಲ್ಲಿ ಅದೆ, ಕೀಳೂಕೆ ಬೇಕು."

೨. ಗರಿಯ ಪಾಲು

ನೊಣ ಕಟ್ಟಲು ಹುಂಜದ ಕುತ್ತಿಗೆಯ ಗರಿ ಬೇಕು. ನೀಳವಾಗಿ, ಹೊಳೆಯುವಂತೆ, ನೀರಲ್ಲಿ ಹಾಕಿದರೆ ಉಸಿರಾಡುವಂತೆ ಅಲುಗಬೇಕು. ಅಂಥ ಗರಿಯನ್ನು ಅಂಗಡಿಯಿಂದ ತರಿಸಬಹುದು, ಆದರೆ ಪಕ್ಕದ ಮನೆಯಾಕೆಯ, ಓಣಿಯೆಲ್ಲ 'ಬಾಯಿ' ಎಂದು ಕರೆಯುವವರ, ಹುಂಜ ದಿನಾ ಬೆಳಿಗ್ಗೆ ನಮ್ಮ ಕಂಪೌಂಡಿನ ಮೇಲೆಯೇ ನಿಂತು ಕೂಗುತ್ತಿರುವಾಗ ತರಿಸುವ ಮನಸ್ಸು ಹೇಗೆ ಬರಬೇಕು?

ನಾಲ್ಕು ದಿನ ನಾನು ಅದರ ಹಿಂದೆ ಓಡಾಡಿದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುತ್ತಿಗೆ ಪರೀಕ್ಷಿಸುತ್ತಿದ್ದಾಗ ಬಾಯಿಯವರು ಪೊರಕೆ ಹಿಡಿದು ಹೊರಬಂದರು.

"ಎಂತಾ ನೋಡ್ತ್ರಿ ನಮ್ಮ ಹುಂಜನ್ನ?"

"ಬಾಯಿ, ನನಗೆ ಅದರ ಮಾಂಸ ಬೇಡವೇ ಬೇಡ. ಗರಿ ಮಾತ್ರ ಸಾಕು."

"ಮಾಂಸ ಬ್ಯಾಡ?"

"ಖಂಡಿತ ಬೇಡ" ಎಂದೆ, ಎದೆಯ ಮೇಲೆ ಕೈಯಿಟ್ಟು.

ಮುಂದಿನ ಭಾನುವಾರ ಅವರ ಮನೆಗೆ ನೆಂಟರು ಬಂದರು. ಬೆಳಿಗ್ಗೆಯ ಕೂಗು ಕೇಳಲಿಲ್ಲ. ಹತ್ತು ಗಂಟೆಗೆ ಮಸಾಲೆ ಹುರಿದ ವಾಸನೆ ನಮ್ಮ ಅಡುಗೆಮನೆಗೇ ಬಂತು. ಮಧ್ಯಾಹ್ನ ಬಾಯಿಯವರು ಓಣಿಯ ಒಂದೊಂದೇ ಮನೆಗೆ ಮುಚ್ಚಿದ ಪಾತ್ರೆ ಕಳಿಸುವುದನ್ನು ನಾನೂ ಹೆಂಡತಿಯೂ ಕಿಟಕಿಯಿಂದ ನೋಡಿದೆವು. ಹೆಂಡತಿ ಕೋಳಿಸಾರಿಗೆಂದು ವಡೆಯ ಹಿಟ್ಟನ್ನೂ ಕಲಸಿಟ್ಟಳು. ಕೊನೆಗೆ ನಮ್ಮ ಬಾಗಿಲೂ ಸದ್ದಾಯಿತು. ಬಾಯಿಯವರು ನಗುತ್ತ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಕೊಟ್ಟರು. ತುಂಬ ಹಗುರವಾಗಿತ್ತು.

"ಒಂದು ಗರಿನೂ ಬೇರೆ ಯಾರಿಗೂ ಕೊಡ್ಲಿಲ್ಲ. ಎಲ್ಲಾ ನಿಮಗೇ ತೆಗ್ದಿಟ್ಟೆ!"

ಆ ದಿನ ನಾವು ವಡೆಗೆ ಮಾವಿನಕಾಯಿ ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆವು.

೩. ಮಾಸ್ತರರ ವಾಚು

ಗರಿ ಸಿಕ್ಕ ಮೇಲೆ ಅಂಗಡಿಯಲ್ಲೇ ಕಟ್ಟಲು ಕೂತೆ. ಮೊದಲ ಹತ್ತು ನೊಣಗಳು ಚರಂಡಿಯಿಂದ ಎತ್ತಿದ ಕೂದಲಿನ ಉಂಡೆಯಂತಿದ್ದವು. ಹೊಸಬರು ಎಲ್ಲರೂ ಮಾಡುವ ತಪ್ಪು ಒಂದೇ: ನೂಲು ಜಾಸ್ತಿ, ಗರಿ ಜಾಸ್ತಿ, ಕೊಕ್ಕೆಯ ಕಣ್ಣಿಗೂ ನೂಲು ಸುತ್ತಿ ಮುಚ್ಚಿಬಿಡುವುದು. ಹನ್ನೊಂದನೆಯದಕ್ಕೆ ಕೈ ಕೂತಿತು. ಸಣ್ಣ ಕೆಲಸದಲ್ಲಿ ನನ್ನ ಕೈ ಯಾರಿಗೂ ಸೋಲುವುದಿಲ್ಲ.

ಅದೇ ಹೊತ್ತಿಗೆ ನಿವೃತ್ತ ಮಾಸ್ತರರೊಬ್ಬರು ನಿಂತುಹೋದ ವಾಚು ತಂದರು. ಸೆಲ್ ಹಾಕಿದೆ, ಓಡಿತು, ಮೇಜಿನ ಮೇಲಿಟ್ಟು "ಐದು ನಿಮಿಷ ನೋಡೋಣ, ಕೂತಿರಿ ಸರ್" ಎಂದು ಅರ್ಧಕ್ಕೆ ನಿಂತಿದ್ದ ನೊಣಕ್ಕೆ ಮರಳಿದೆ. ಮಾಸ್ತರರಿಗೆ ಕಣ್ಣು ಮಂಜು. ನಾನು ಅವರ ವಾಚಿಗೇ ಇಷ್ಟೆಲ್ಲ ಮಾಡುತ್ತಿದ್ದೇನೆಂದು ತಿಳಿದು, ಉಸಿರು ಬಿಗಿಹಿಡಿದು ಅರ್ಧ ಗಂಟೆ ಕೂತರು. ಕೊನೆಗೆ ನಾನು ಚಿಮಟದಲ್ಲಿ ನೊಣವನ್ನು ಹಿಡಿದೆತ್ತಿದೆ. ಆರು ಕಾಲು, ಮೀಸೆ, ಕಂದು ರೆಕ್ಕೆ. ನನಗೇ ಮೈ ಜುಮ್ಮೆಂದಿತು.

ಮಾಸ್ತರರು ಕುರ್ಚಿಯಿಂದ ಎದ್ದೇಬಿಟ್ಟರು. "ಅಬ್ಬಾ! ಇದು ಒಳಗಿತ್ತಾ?"

"ಅಲ್ಲ ಸರ್, ಇದು..."

"ಅದಕ್ಕೇ ನಿಂತದ್ದು! ನಾ ಹೇಳ್ದೆ ಮನೇಲಿ, ರಾತ್ರಿ ಕೈ ಮೇಲೆ ಎಂತೋ ಹರಿದ ಹಂಗಾಗ್ತದೆ ಅಂತ. ಯಾರೂ ನಂಬಲಿಲ್ಲ!"

ವಾಚು ಕಿಸೆಗೆ ಹಾಕಿಕೊಂಡು ಹೊರಟೇಹೋದರು. ನಿಜ ಹೇಳಲು ಹಿಂದೆ ಓಡಿದೆ, ಅಷ್ಟರಲ್ಲಿ ಬಸ್ಸು ಹತ್ತಿದ್ದರು. ಆ ವಾರ ನನ್ನ ಅಂಗಡಿಗೆ ಹಿಂದಿನ ಎರಡು ತಿಂಗಳಲ್ಲಿ ಬರದಷ್ಟು ಗಿರಾಕಿ ಬಂದರು. ಒಬ್ಬ ಹೆಂಗಸಂತೂ ಚೆನ್ನಾಗಿ ಓಡುತ್ತಿದ್ದ ವಾಚನ್ನೇ ಕಳಚಿ ಕೈಗಿಟ್ಟು, "ನಿಂತದ್ದಿಲ್ಲ. ಆದ್ರೂ ಹೊಟ್ಟೇಲಿ ಮರಿಗಿರಿ ಇದ್ರೆ ಈಗ್ಲೇ ತೆಗ್ದುಬಿಡಿ" ಎಂದಳು.

೪. ಕದ್ರಾದ ಕೂಲಿ

ನೊಣವನ್ನು ಮನುಷ್ಯರು ನಂಬಿದರು. ಇನ್ನು ಮೀನು ನಂಬಬೇಕಿತ್ತು. ಚಿತ್ತಾಕುಲದ ದಡದಲ್ಲಿ ಬೀಸಲು ಹೋದರೆ ಅತ್ತೆಯ ಊರಿಗೆ ಊರೇ ನೋಡಲು ಬರುತ್ತದೆ. ಆದ್ದರಿಂದ ರಜೆಯ ದಿನ ಕಾಳಿ ಹೊಳೆಯ ಮೇಲ್ಗಡೆ, ಕದ್ರಾ ಅಣೆಕಟ್ಟಿನ ಹತ್ತಿರ ಹೋದೆ. ದಡದಲ್ಲಿ ಒಬ್ಬರೇ ಒಬ್ಬರಿದ್ದರು, ಕರೆಂಟಿನ ಕೆಲಸದವರು. ಬಿದಿರುಕೋಲು, ಎರೆಹುಳ, ತಲೆಗೆ ಟವೆಲು. ನಾನು ಇಪ್ಪತ್ತು ಮಾರು ದೂರ ನಿಂತು ಶುರುಮಾಡಿದೆ.

ಕೋಲನ್ನು ಗಡಿಯಾರದ ಹತ್ತು ಗಂಟೆ ಮತ್ತು ಒಂದು ಗಂಟೆಯ ನಡುವೆ ಆಡಿಸಬೇಕು ಎಂದು ವಿಡಿಯೋದಲ್ಲಿ ಹೇಳುತ್ತಾರೆ. ಗಡಿಯಾರದ ವಿಷಯ ನನಗೆ ಬೇರೆಯವರು ಹೇಳಬೇಕೇ? ಆದರೆ ದಾರಕ್ಕೆ ಗಂಟೆ ಗೊತ್ತಿರಲಿಲ್ಲ. ಮೊದಲು ನನ್ನ ಟೋಪಿ ಹಾರಿತು, ಆಮೇಲೆ ಕೊಕ್ಕೆ ಅಂಗಿಯ ಬೆನ್ನಿಗೆ ಸಿಕ್ಕಿತು, ಆಮೇಲೆ ದಾರ ನೀರಿಗೆ ಪಟ್ ಪಟ್ ಎಂದು ಬಡಿಯತೊಡಗಿತು. ಮಧ್ಯಾಹ್ನದವರೆಗೆ ಬಡಿದೆ. ಆ ಮನುಷ್ಯ ಅತ್ತ ಒಂದರ ಮೇಲೊಂದು ಮೀನು ಎತ್ತುತ್ತಲೇ ಇದ್ದರು.

ಹೊರಡುವಾಗ ಅವರು ನನ್ನ ಬಳಿ ಬಂದು ಎರಡು ಒಳ್ಳೆಯ ಮೀನನ್ನು ಎಲೆಯಲ್ಲಿ ಸುತ್ತಿ ಕೊಟ್ಟರು. ಅತ್ತೆಯ ಮುಖ ಕಣ್ಣೆದುರು ಬಂತು. ಯಾರಿಗೆ ಗೊತ್ತಾಗಬೇಕು ಎಂದು ಮನಸ್ಸು ಒಂದು ಗಳಿಗೆ ಜಾರಿತು. ಆದರೆ ಇಪ್ಪತ್ತೆರಡು ವರ್ಷದ ಮರ್ಯಾದೆಯನ್ನು ಬೇರೆಯವರ ಎರೆಹುಳದಿಂದ ತೊಳೆಯುವುದೇ? "ಬೇಡ, ಸುಮ್ಮನೆ ತೆಗೆದುಕೊಳ್ಳುವುದು ಸರಿಯಲ್ಲ" ಎಂದೆ.

"ಸುಮ್ನೆ ಎಂತಕ್ಕೆ? ಇದು ನಿಮ್ಮ ಕೂಲಿ" ಎಂದರು ಅವರು. "ಬೆಳಿಗ್ಗೆಯಿಂದ ಅಲ್ಲಿ ಬಡ್ದು ಬಡ್ದು ಮೀನೆಲ್ಲಾ ನನ್ನ ಕಡೆ ಓಡ್ಸಿದ್ರಿ. ಬರೂ ಭಾನುವಾರನೂ ಬರ್ತ್ರಿ ಅಲಾ?"

೫. ಕೊನೆಯ ಭಾನುವಾರ

ಮೇ ತಿಂಗಳ ಕೊನೆಯ ಭಾನುವಾರ. ಜೂನ್ ಬಂದರೆ ಕಡಲು ಬಂದ್. ಅಷ್ಟು ಹೊತ್ತಿಗೆ ಬೀಸುವುದು ಚೆನ್ನಾಗಿಯೇ ಬಂದಿತ್ತು, ಮೀನು ಮಾತ್ರ ಬಂದಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಅತ್ತೆ ಅಂಕೋಲೆಗೆ ಬರುವವರಿದ್ದರು, ಕೋಲು ಒಯ್ಯಲು. ನಾನು ಬೆಳಕು ಹರಿದಾಗಲೇ ಸಮುದ್ರ ದಂಡೆಗೆ ಹೋದೆ. ಅಲ್ಲಿ ರಂಪಣಿ ಎಳೆಯುತ್ತಿದ್ದರು. ರಂಪಣಿ ಎಂದರೆ ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಕಡಲಲ್ಲಿ ಅರ್ಧಚಂದ್ರದಂತೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಂಡೆಯಿಂದ ಹತ್ತಾರು ಜನ ಎಳೆಯುತ್ತಾರೆ. ಬಲೆ ಹತ್ತಿರ ಬರುತ್ತಿದ್ದಂತೆ ಒಳಗೆ ಬಂಗಡೆ ಕುದಿಯುವ ನೀರಿನಂತೆ ಹಾರತೊಡಗಿದವು.

ಅಷ್ಟು ಮೀನನ್ನು ಕಣ್ಣೆದುರು ಕಂಡು ನನ್ನ ಕೈ ಕೇಳಲಿಲ್ಲ. ಬೀಸಿದೆ. ಆ ತಿಂಗಳ ಅತ್ಯುತ್ತಮ ಬೀಸು ಅದು. ಬಿಳಿ ಗರಿಯ ನೊಣ ಸರಿಯಾಗಿ ಬಲೆಯ ನಡುವೆ ಬಿತ್ತು, ಬಿದ್ದ ಕೂಡಲೇ ದಾರ ಬಿಗಿಯಾಯಿತು. ಹೋಯಿತು, ಬಲೆಗೆ ಸಿಕ್ಕಿಕೊಂಡಿತು ಎಂದು ಹೌಹಾರಿ ಎಳೆದೆ. ದಾರ ಹಗ್ಗಕ್ಕೂ ಸುತ್ತಿಕೊಂಡಿತು. ಬಿಡಿಸಲು ಸೊಂಟದವರೆಗೆ ನೀರಿಗಿಳಿದು ಹಗ್ಗ ಹಿಡಿದೆ. ಎಳೆಯುವವರ ಮುಖಂಡ, ಅಂದರೆ ತಾಂಡೇಲ, ಹಿಂದಿನಿಂದ ಕೂಗಿದ: "ಹಾಂ ವಾಚಿನೋರೆ, ಹಂಗೇ ಎಳೀರಿ! ಬಿಡಬ್ಯಾಡಿ!" ಬಿಟ್ಟರೆ ದಾರ ಹೋಗುತ್ತದೆ. ಬಿಡದೆ ಎಳೆದೆ. ದಂಡೆ ಮುಟ್ಟುವಷ್ಟರಲ್ಲಿ ದಾರದ ತುದಿ ತುಂಡಾಗಿ ನೊಣ ಕಾಣೆಯಾಗಿತ್ತು.

ನಾನು ಮರಳಲ್ಲಿ ಕೂತು ದಾರ ಬಿಡಿಸುತ್ತಿದ್ದರೆ ತಾಂಡೇಲ ನನ್ನ ಕಾಲ ಬಳಿಯ ಬಲೆಯಲ್ಲಿದ್ದ ಬಂಗಡೆಯನ್ನೇ ಬಾಚಿ ನನ್ನ ಟೋಪಿಗೆ ತುಂಬಿದ.

"ನಾನು ನನ್ನ ದಾರ ಬಿಡಿಸ್ಕೊಳ್ತಿದ್ದೆ ಮಾರಾಯ, ನಿಮ್ಮ ಬಲೆ ಎಳೆದದ್ದಲ್ಲ" ಎಂದೆ.

"ರಂಪಣಿ ಹಗ್ಗಕ್ಕೆ ಕೈ ಹಚ್ಚಿದವ್ರಿಗೆ ಪಾಲು. ಎಂತಕ್ಕೆ ಹಚ್ಚಿದ್ರಿ ಅಂತ ಕೇಳೂ ಪದ್ಧತಿ ಇಲ್ಲ."

ಮನೆಗೆ ಬಂದಾಗ ಅತ್ತೆ ಈಳಿಗೆಮಣೆಯ ಮೇಲೆ ಕೂತಾಗಿತ್ತು. ಮೇಲಿನ ಎರಡು ಬಂಗಡೆ ಎತ್ತಿ ತಿರುಗಿಸಿದರು. "ಮೈಯೆಲ್ಲಾ ಬಲೆ ಉಜ್ಜಿದ ಗೀರು. ರಂಪಣಿದು."

ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಮೂಲೆಯಲ್ಲಿಟ್ಟಿದ್ದ ಕೋಲನ್ನು ತಂದು ಅವರ ಪಕ್ಕದಲ್ಲಿ ಮಲಗಿಸಿದೆ. ಅತ್ತೆ ಮೀನು ಕೊಯ್ಯುತ್ತ ಹೋದರು. ಕೊನೆಯದನ್ನು ಎತ್ತಿ, ಬಾಯಿ ಬಿಡಿಸಿ, ತಟ್ಟನೆ ಕೈ ಹಿಂತೆಗೆದರು.

"ಅಯ್ಯ, ಇದೆಂತಾ ಇದರ ಬಾಯಲ್ಲಿ?"

ಬಾಗಿ ನೋಡಿದೆ. ದವಡೆಯ ಮೂಲೆಯಲ್ಲಿ ಕೊಕ್ಕೆ. ಕೊಕ್ಕೆಗೆ ಬಿಳಿ ಗರಿ, ಕೆಂಪು ನೂಲು, ನಾನೇ ಹಾಕಿದ ಗಂಟು. ಬಲೆಗೆ ಸಿಕ್ಕಿಕೊಂಡದ್ದಲ್ಲ, ಮೀನೇ ಕಚ್ಚಿತ್ತು! ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಬಾಯಿಯವರೂ ಓಡಿಬಂದರು. ಭೂತಗನ್ನಡಿ ತಂದು ಅತ್ತೆಯ ಕಣ್ಣಿಗೇ ಹಿಡಿದೆ. ಅವರು ಮೀನನ್ನೂ ನೊಣವನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು. ಆ ಬಂಗಡೆಯನ್ನು ಬೇರೆಯಾಗಿಟ್ಟು ತಾವೇ ಮಸಾಲೆ ಹಚ್ಚಿ ಹುರಿದರು, ತಾವೇ ಬಡಿಸಿಕೊಂಡರು, ತಲೆಯನ್ನೂ ಬಿಡದೆ ಚೀಪಿದರು. ಕೈ ತೊಳೆದು ಬಂದು ಕೋಲನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಅಂದರೆ ಒಪ್ಪಿದಿರಾ ಅತ್ತೆ?" ಎಂದೆ.

"ಒಪ್ಪದೇ ಎಂತಾ ಮಾಡೂದು? ಕಚ್ಚಿದ್ದು ಖರೆ" ಎಂದರು ಅತ್ತೆ, ಎಲೆಗೆ ಸುಣ್ಣ ಹಚ್ಚುತ್ತ. "ಸುತ್ತ ಬಲೆ ಬಿತ್ತಲಾ, ಪಾಪ, ಇನ್ನು ಬದುಕೂದಿಲ್ಲ ಅಂತ ಅದಕ್ಕೆ ಗೊತ್ತಾಯ್ತು. ಇಲ್ದಿದ್ರೆ ನಿಮ್ಮ ನೊಣ ಯಾವ ಮೀನು ತಿಂತದೆ ಮಾರಾಯ್ರೆ?"