ಗೋಳಿಬಜೆ ಎಣ್ಣೆಯ ಡೀಸೆಲ್

ಯಾವ ವಸ್ತುವನ್ನೂ ಎಸೆಯದವನೆಂಬ ನನ್ನ ಕೀರ್ತಿ ಮಂಗಳೂರಿನಲ್ಲಿ ದೇರೆಬೈಲಿನಿಂದ ಜೆಪ್ಪುವರೆಗೆ ಹಬ್ಬಿದೆ. ಬಾಗಿದ ಮೊಳೆ ನನ್ನನ್ನು ಕಂಡರೆ ತಾನಾಗಿ ನೆಟ್ಟಗಾಗುತ್ತದಂತೆ! ಹಾಗಿರುವಾಗ ಎಂಬತ್ತರ ಆ ಡೀಸೆಲ್ ಬರಗಾಲಕ್ಕೆ ನಾನು ಹೆದರುವುದುಂಟೇ?

ನನ್ನ ಹೆಂಡತಿ ಶಶಿಪ್ರಭಾಳ ತಮ್ಮ ಜಯಪಾಲನಿಗೆ ಫಳ್ನೀರಿನಲ್ಲಿ ಹೋಟೆಲು. ಭಾನುವಾರ ಜೆಪ್ಪುವಿನ ಮದುವೆಗೆ ಅವನದೇ ಊಟ. ವ್ಯಾನಿನ ಟ್ಯಾಂಕು ಮಾತ್ರ ಖಾಲಿ.

"ಬಂಕಿನ ಕ್ಯೂ ಬಿಡು ಮಾರಾಯ! ನಿನ್ನ ಗೋಳಿಬಜೆ ಕರಿದ ಎಣ್ಣೆ ಕೊಡು, ಡೀಸೆಲ್ ಮಾಡಿ ಕೊಡ್ತೇನೆ," ಎಂದು ಘೋಷಿಸಿದೆ. ಹೈಸ್ಕೂಲಿನ ವಿಜ್ಞಾನ ಮಾಸ್ಟರನ ಮಾತು! ಪಾಪ, ನಂಬಿದ.

ಎಣ್ಣೆಗೆ ಕಾಸ್ಟಿಕ್ ಸೋಡಾ ಮತ್ತು ಸ್ಪಿರಿಟ್ ಬೆರೆಸಬೇಕು. ಸ್ಪಿರಿಟ್ ಸಿಗಲಿಲ್ಲ. ನೆರೆಯ ಜೊಕಿಮ್ ಮನೆಯಲ್ಲೇ ಸಾರಾಯಿ ಇಳಿಸುತ್ತಿದ್ದ. ಅದೂ ಸ್ಪಿರಿಟ್ಟೇ ತಾನೆ!

"ಪ್ರಯೋಗಕ್ಕೆ ಬೇಕು ಜೊಕಿಮ್. ಒಳ್ಳೆಯದು ಕೊಡು."

"ಪ್ರಯೋಗಕ್ಕಾ?" ಜೊಕಿಮ್ ಕಣ್ಣು ಮಿಟುಕಿಸಿದ. "ಗೊತ್ತಾಯ್ತು ಮಾಸ್ಟ್ರೇ. ಯಾರಿಗೂ ಹೇಳುವುದಿಲ್ಲ."

ವಿಜ್ಞಾನದ ಗುಟ್ಟು ಕಾಪಾಡುವ ಇಂಥ ನೆರೆಯವರು ಎಷ್ಟು ಮಂದಿಗೆ ಸಿಗುತ್ತಾರೆ!

ಮೊದಲ ಸಲ ಬೆರೆಸಿದ್ದು ಗಂಜಿಯಾಯಿತು. ಕಾಸ್ಟಿಕ್ ಕಡಿಮೆಯಾಯಿತೆಂದು ತೀರ್ಪು ಕೊಟ್ಟೆ. ಹೆಚ್ಚು ಹಾಕಿದೆ; ಹಲ್ವವಾಯಿತು! ಎಣ್ಣೆಯಲ್ಲೇ ನೀರಿದೆಯೆಂದು ಗೋಳಿಬಜೆಯ ಮೇಲೆ ದೋಷ ಹೊರಿಸಿ, ಎಣ್ಣೆ ಕಾಯಿಸಿ ಕಾಯಿಸಿ ಮನೆತುಂಬ ಹೊಗೆ ಎಬ್ಬಿಸಿದೆ. ಆರಿಸಿ ಮತ್ತೆ ಬೆರೆಸಿದೆ. ಈ ಸಲ ಭರಣಿಯೊಳಗೆ ಸೌಟು ಸೆಟೆದು ನಿಂತಿತು, ಧ್ವಜಸ್ತಂಭದ ಹಾಗೆ!

"ಅದು ನನ್ನ ಉಪ್ಪಿನಕಾಯಿ ಭರಣಿ ಅಲ್ವಾ?" ಶಶಿಪ್ರಭಾ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ಇತಿಹಾಸ ಸೃಷ್ಟಿಯಾಗ್ತಾ ಉಂಟು. ನೀನು ಉಪ್ಪಿನಕಾಯಿ ಅಂತೀಯಲ್ಲ!"

"ಸಾರಾಯಿಯಲ್ಲಿ ನೀರು ಉಂಟಾ ನೋಡಿದ್ರಾ ಮಾರಾಯ್ರೇ?"

"ಜೊಕಿಮ್ ನಂಬಿಕಸ್ಥ!"

"ಊರಿಗೆಲ್ಲ ಸಾರಾಯಿ ಕುಡಿಸುವವನು ನಂಬಿಕಸ್ಥ. ನಾನು ಎಂತ ಹೇಳಿದ್ರೂ ಅಡಿಗೆಮನೆ ಮಾತು!"

ಮೀಸೆ ಕುಣಿಸುತ್ತ ಜೊಕಿಮನ ಮನೆಗೆ ನುಗ್ಗಿದೆ. "ನೀರು ಹಾಕಿದ್ದೀಯಾ?"

"ಅರ್ಧಕ್ಕರ್ಧ!" ಅಂದ ಹೆಮ್ಮೆಯಿಂದ. "ಮಾಸ್ಟ್ರು ಹೊಸದಾಗಿ ಶುರು ಮಾಡಿದ್ದು, ಬಾಯಿಬಿಟ್ಟು ಹೇಳ್ಲಿಕ್ಕೆ ನಾಚಿಕೆ. ತಲೆಗೆ ಹತ್ತಬಾರದಲ್ಲಾ ಅಂತ ನಿಮಗೇ ಸ್ಪೆಷಲ್ಲಾಗಿ ಹಾಕಿದ್ದು. ಆದ್ರೂ ಮೂರು ಸಲ ಬಂದ್ರಿ ನೋಡಿ, ಕುಡಿಯುವುದು ಸ್ವಲ್ಪ ಜಾಸ್ತಿಯೇ ಆಯ್ತು!"

ಅಷ್ಟರಲ್ಲಿ ಭಾನುವಾರ ಬಂದೇಬಿಟ್ಟಿತು. ಅನ್ನ, ಸಾಂಬಾರು, ಪಾಯಸದ ಹಂಡೆಗಳನ್ನು ಹೇರಿಕೊಂಡ ವ್ಯಾನು ಕೊನೆಯ ಹನಿ ಡೀಸೆಲ್ ಕುಡಿದು ನಮ್ಮ ಗೇಟಿನೆದುರು ಕೆಮ್ಮಿ ನಿಂತಿತು. ಬಚ್ಚಲಲ್ಲಿ ಅಡಗಿದ್ದ ನನ್ನನ್ನು ಶಶಿಪ್ರಭಾ ಹೊರಗೆಳೆದು ತಂದಳು.

"ಭಾವ, ಬೇಗ ಸುರಿಯಿರಿ! ಮುಹೂರ್ತ ಮುಗಿದು ಜನ ಎಲೆ ಮುಂದೆ ಕೂತಿರ್ತಾರೆ!"

ಭರಣಿಯನ್ನು ಟ್ಯಾಂಕಿನ ಬಾಯಿಗೆ ಬಗ್ಗಿಸಿದೆ. ಏನೂ ಬೀಳಲಿಲ್ಲ. ತಲೆಕೆಳಗು ಮಾಡಿದೆ. ಆಗಲೂ ಬೀಳಲಿಲ್ಲ. ಜಯಪಾಲ ಬೆರಳಿಟ್ಟು ನೋಡಿದ, ಮೂಸಿದ, ಬೆರಳುಗಳನ್ನು ತಿಕ್ಕಿದ. ನೊರೆ ಬಂತು.

"ಭಾವ, ಇದರಲ್ಲಿ ವ್ಯಾನು ಓಡ್ತದಾ?"

"ಇಲ್ಲ," ಎಂದೆ. "ತೊಳೀಬಹುದು."