ಸೇತುವೆಯಿಂದ ಹಾರಿದ್ದು ಯಾರು?

ನಟ: ನಾನು ಹಾರಿಲ್ಲ ಕಣಯ್ಯಾ!

ಇತಿಹಾಸಕಾರ: ಹಾರಿದ್ದೀರಿ ಅಣ್ಣ!

ನಟ: ಹಾರಿಲ್ಲ ಅಂದ್ರೆ ಹಾರಿಲ್ಲ. ಹಾರಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?

ಇತಿಹಾಸಕಾರ: ನಿಮಗೆ ವಯಸ್ಸಾಯ್ತು, ಮರೆತಿದ್ದೀರಿ. ಪುಸ್ತಕ ಮರೆಯಲ್ಲ.

ಹೀಗೆ ಕೂಗಾಡುತ್ತಿದ್ದವರಲ್ಲಿ ಒಬ್ಬರು ಒಂದು ಕಾಲಕ್ಕೆ ಬೆಳ್ಳಿತೆರೆಯನ್ನೇ ಅಲುಗಾಡಿಸಿದ ನಾಯಕನಟರು. ಇನ್ನೊಬ್ಬರು ಅವರ ಜೀವನಚರಿತ್ರೆ ಬರೆದು ಬರೆದೇ ತಲೆ ನೆರೆಸಿಕೊಂಡ ಚಲನಚಿತ್ರ ಇತಿಹಾಸಕಾರರು. ಆ ಪುಸ್ತಕದ ಜೀವವೆಲ್ಲ ಒಂದೇ ಅಧ್ಯಾಯದಲ್ಲಿತ್ತು: ನಾಯಕ ಡೂಪ್ ಇಲ್ಲದೆ, ಸೇತುವೆಯ ಮೇಲಿಂದ ತುಂಬಿದ ಹೊಳೆಗೆ ತಾನೇ ಹಾರಿದ್ದು. ಆ ಒಂದು ಜಿಗಿತದ ಮೇಲೆ ಇತಿಹಾಸಕಾರರು ಡಾಕ್ಟರೇಟು ಕಟ್ಟಿದರು, ಅಕಾಡೆಮಿಯ ಕುರ್ಚಿ ಕಟ್ಟಿದರು, ಗೋಡೆ ತುಂಬ ಫಲಕಗಳನ್ನು ನೇತುಹಾಕಿದರು. ಈಗ ಆ ಚಿತ್ರಕ್ಕೆ ಸುವರ್ಣ ಮಹೋತ್ಸವ. ಪುಸ್ತಕದ ಹೊಸ ಆವೃತ್ತಿ ಅದೇ ಸೇತುವೆಯ ಮೇಲೆ ಬಿಡುಗಡೆಯಾಗಬೇಕು. ಸಂಜೆಯೊಳಗೆ ಕರಡು ಮುದ್ರಣಕ್ಕೆ ಹೋಗಬೇಕು. ಅಷ್ಟರಲ್ಲಿ ನಟರು ಮನೆಗೆ ಕರೆಸಿಕೊಂಡು ಹೀಗೆ ಅಡ್ಡಗಾಲು ಹಾಕಿದ್ದರು.

ಇತಿಹಾಸಕಾರ: ಇಷ್ಟು ವರ್ಷ ಹಾಯಾಗಿ ಹಾರ್ಕೊಂಡಿದ್ದೋರು, ಈಗ ಯಾಕಣ್ಣ ಸತ್ಯದ ಹಿಂದೆ ಬಿದ್ರಿ?

ನಟ: ಸತ್ಯ ಯಾರಿಗೆ ಬೇಕಯ್ಯಾ! ಆ ಮಹೋತ್ಸವ ಸಮಿತಿಯೋರು ನನ್ನನ್ನ ಸೇತುವೆ ಕಟ್ಟೆ ಮೇಲೆ ಹತ್ತಿಸಿ, ಹೊಳೆ ಕಡೆ ಬಗ್ಗಿಸಿ ಫೋಟೋ ತೆಗೀತಾರಂತೆ. ನನಗೆ ಎತ್ತರ ಅಂದ್ರೆ ಕೈಕಾಲೆಲ್ಲ ತಣ್ಣಗಾಗುತ್ತೆ.

ಒಳಮನೆಯಿಂದ ನಟರ ಹೆಂಡತಿಯ ದನಿ ತೂರಿ ಬಂತು.

ಹೆಂಡತಿ: ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿದ್ರೂ ನಾನು ಕೆಳಗೆ ಕಾಲು ಹಿಡ್ಕೊಂಡು ನಿಂತಿರಬೇಕು!

ನಟ: ಕೇಳಿಸ್ತಾ? ಅದಕ್ಕೇ ಬರಿ, ‘ಹಾರಿದವನು ಡೂಪ್’ ಅಂತ. ಒಂದೇ ಒಂದು ಸಾಲು.

ಇತಿಹಾಸಕಾರ: ಅದು ಸಾಲಲ್ಲ ಅಣ್ಣ, ನನ್ನ ಬೆನ್ನುಮೂಳೆ! ಅದನ್ನ ಕಿತ್ತರೆ ನಾನು ಯಾವ ಸಭೇಲಿ ಎದ್ದು ನಿಲ್ಲಲಿ? ಹಾರಿದಾಗ ನಿಮ್ಮ ಮೊಣಕಾಲಿಗೆ ಆದ ಗಾಯದ ಬಗ್ಗೆನೇ ಪುಟಗಟ್ಟಲೆ ಬರೆದಿದ್ದೀನಿ.

ನಟ: ಅದು ಕುರ್ಚಿ ತಾಗಿದ್ದು ಕಣೋ!

ಇತಿಹಾಸಕಾರ: ಅಡಿಟಿಪ್ಪಣಿ ಇದೆ!

ನಟ: ಮೊಣಕಾಲು ನಂದು!

ಇತಿಹಾಸಕಾರ: ಮೊಣಕಾಲು ನಿಮ್ಮದೇ ಇರ್ಲಿ. ಗಾಯ ಇತಿಹಾಸದ್ದು.

ನಟರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಎದುರಿಗಿದ್ದ ಮನುಷ್ಯನನ್ನು ಹೊಸದಾಗಿ ನೋಡುವಂತೆ ನೋಡಿದರು.

ನಟ: ಸರಿ. ನಾನೇ ಹಾರಿದೆ ಅಂತ ನಿನಗೆ ಹೇಳಿದ್ಯಾರು?

ಇತಿಹಾಸಕಾರ: ನೀವೇ! ವಾರಪತ್ರಿಕೆಗೆ ಹೇಳಿದ್ರಿ, ರೇಡಿಯೋದಲ್ಲಿ ಹೇಳಿದ್ರಿ, ಕಾಲೇಜಿನ ವೇದಿಕೆ ಮೇಲೆ ಹೇಳ್ತಾ ಹೇಳ್ತಾ ಅತ್ತೇಬಿಟ್ರಿ.

ನಟ: ಅತ್ತೆ, ಇಲ್ಲ ಅನ್ನಲ್ಲ. ಆದ್ರೆ ನಾನು ಹಾರಿದ್ದು ನನಗೆ ಹೇಗೆ ಗೊತ್ತಾಯ್ತು, ಕೇಳು.

ಇತಿಹಾಸಕಾರ: ಹೇಗೆ?

ನಟ: ನಿನ್ನ ಮೊದಲನೇ ಲೇಖನ ಓದಿ! ಎಷ್ಟು ಚೆನ್ನಾಗಿ ಬರೆದಿದ್ದೆ ಅಂದ್ರೆ, ನಾನು ಹಾರಿದ್ದು ನಿಜ ಅಂತ ನನಗೇ ಅನ್ನಿಸಿಬಿಡ್ತು.

ಇತಿಹಾಸಕಾರರು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದರು.

ಇತಿಹಾಸಕಾರ: ಆ ಲೇಖನಕ್ಕೆ... ಆಧಾರ ಇತ್ತು.

ನಟ: ಏನು ಆಧಾರ?

ಇತಿಹಾಸಕಾರ: ಪೋಸ್ಟರ್.

ನಟ: ಅಯ್ಯೋ ಪುಣ್ಯಾತ್ಮ! ಪೋಸ್ಟರಲ್ಲಿ ನನ್ನ ಪಕ್ಕ ಹುಲಿನೂ ಇತ್ತು. ಚಿತ್ರದಲ್ಲಿ ಒಂದು ಬೆಕ್ಕಾದ್ರೂ ಇತ್ತಾ?

ಇತಿಹಾಸಕಾರ (ತಗ್ಗಿದ ದನಿಯಲ್ಲಿ): ಹುಲಿ ಬಗ್ಗೆ ಅನುಬಂಧದಲ್ಲಿ ಬರೆದುಬಿಟ್ಟಿದ್ದೀನಿ.

ಅಷ್ಟರಲ್ಲಿ ನಟರ ಹೆಂಡತಿ ಚಹಾದ ತಟ್ಟೆ ಹಿಡಿದು ಬಂದರು. ಅವರೇನು ಸಾಮಾನ್ಯರೇ? ಅದೇ ಚಿತ್ರದ ನಾಯಕಿ. ನಾಯಕ ಹೊಳೆಗೆ ಬಿದ್ದದ್ದನ್ನು ಕಂಡು ದಡದಲ್ಲಿ ಅವರು ಕಿರುಚಿದ ಕಿರುಚಿಗೆ ಚಿತ್ರಮಂದಿರದಲ್ಲಿ ಮಲಗಿದ್ದ ಕೂಸುಗಳೆಲ್ಲ ಎದ್ದು ಅಳುತ್ತಿದ್ದವಂತೆ. ತಟ್ಟೆಯನ್ನು ಮೇಜಿನ ಮೇಲಿಟ್ಟು ಅವರು ಸೆರಗು ಸರಿಮಾಡಿಕೊಂಡರು.

ಹೆಂಡತಿ: ಇವರೂ ಹಾರಿಲ್ಲ, ಡೂಪೂ ಹಾರಿಲ್ಲ. ಡೂಪ್ ಹೊಳೆ ನೋಡಿದ, ಬಸ್ ಹತ್ತಿ ಮನೆಗೆ ಹೋದ. ಬಿದ್ದದ್ದು ಹುಲ್ಲು ತುಂಬಿದ ಗೊಂಬೆ. ಇವರ ಕೋಟು ತೊಡಿಸಿ, ಇಬ್ಬರು ಹಿಡ್ಕೊಂಡು ತೂಗಿ ಎಸೆದ್ರು. ಮುಂಡ ಒಂದು ಕಡೆ ಬಿತ್ತು, ತಲೆ ಒಂದು ಕಡೆ ಬಿತ್ತು. ಅದಕ್ಕೇ ನಾನು ಹಾಗೆ ಕಿರುಚಿದ್ದು.

ನಟ: ಮತ್ತೆ ನಾನೆಲ್ಲಿದ್ದೆ?

ಹೆಂಡತಿ: ವ್ಯಾನಿನೊಳಗೆ ಮಲಗಿದ್ರಿ. ಗೊರಕೆ ಕಡಿಮೆ ಮಾಡಿ ಅಂತ ಧ್ವನಿ ಹಿಡಿಯೋನು ಬಂದು ಕೈಮುಗಿದು ಹೋದ.

ಇತಿಹಾಸಕಾರ: ಅತ್ತಿಗೆ! ಇದನ್ನ ನನಗೆ ಯಾಕೆ ಹೇಳಲಿಲ್ಲ?

ಹೆಂಡತಿ: ನೀವೆಲ್ಲಿ ಕೇಳಿದ್ರಿ? ಇಷ್ಟು ವರ್ಷ ಈ ಮನೆಗೆ ಬಂದು ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ, ‘ಅತ್ತಿಗೆ, ಇನ್ನೊಂದು ಲೋಟ ಚಹಾ ಸಿಗುತ್ತಾ?’ ಅಂತ. ಅಷ್ಟು ದಪ್ಪ ಪುಸ್ತಕದಲ್ಲಿ ನನ್ನ ಬಗ್ಗೆ ಇರೋದೂ ಒಂದೇ ಸಾಲು, ‘ದಡದಲ್ಲಿ ನಾಯಕಿಯೂ ಇದ್ದರು.’

ಇತಿಹಾಸಕಾರರು ಎತ್ತಿಕೊಂಡ ಚಹಾದ ಲೋಟವನ್ನು ಮತ್ತೆ ತಟ್ಟೆಗಿಟ್ಟರು. ಡಾಕ್ಟರೇಟು, ಕುರ್ಚಿ, ಫಲಕ ಎಲ್ಲವೂ ಆ ಗೊಂಬೆಯ ಹಿಂದೆಯೇ ಒಂದೊಂದಾಗಿ ಹೊಳೆಗೆ ಬೀಳುವುದು ಕಣ್ಣಿಗೆ ಕಟ್ಟಿದಂತಾಯಿತು. ಈ ಸಂಗತಿಯನ್ನು ನಾಳೆ ಇನ್ನೊಬ್ಬ ಬರೆದರೆ ತಮ್ಮ ಕತೆ ಮುಗಿದಂತೆ. ಇನ್ನೊಬ್ಬ ಬರೆದರೆ ತಾನೇ? ತಾವೇ ಬರೆದುಬಿಟ್ಟರೆ? ಬಾಡಿದ ಮುಖ ನೋಡನೋಡುತ್ತಿದ್ದಂತೆ ಪೂರಿಯ ಹಾಗೆ ಉಬ್ಬಿ ಬಂತು.

ಇತಿಹಾಸಕಾರ: ಅಣ್ಣ, ನನ್ನ ಸುಳ್ಳನ್ನ ಬಯಲು ಮಾಡೋ ಹಕ್ಕು ಮೊದಲು ನನಗೇ ಇರೋದು! ಹೊಸ ಸಂಶೋಧನೆ, ಹೊಸ ಪುಸ್ತಕ. ಹಳೇದನ್ನ ಓದಿ ಮೋಸ ಹೋದೋರೆಲ್ಲ ಇದನ್ನೂ ಓದಲೇಬೇಕು!

ಅಲ್ಲಿಂದಲೇ ಮಹೋತ್ಸವ ಸಮಿತಿಯ ಕಾರ್ಯದರ್ಶಿಗೆ ಫೋನು ಹಾಕಿ, ಗೊಂಬೆಯ ಕತೆಯನ್ನು ತಾವೇ ಹೊಳೆಗಿಳಿದು ಹುಡುಕಿ ತಂದವರಂತೆ ವರ್ಣಿಸಿದರು. ಆ ಕಡೆಯ ಮಾತು ಕೇಳಿ ನಾಲ್ಕಾರು ಸಲ ಭೇಷ್ ಎಂದು ಫೋನು ಕೆಳಗಿಟ್ಟರು.

ನಟ: ಪಾಪ, ತುಂಬಾ ಬೇಜಾರು ಮಾಡ್ಕೊಂಡ್ರಾ?

ಇತಿಹಾಸಕಾರ: ಕುಣಿದಾಡ್ತಿದ್ದಾರೆ! ವಯಸ್ಸಾದೋರನ್ನ ಕಟ್ಟೆ ಹತ್ತಿಸೋದು ಹೇಗಪ್ಪಾ ಅಂತ ಅವರಿಗೂ ಚಿಂತೆ ಇತ್ತಂತೆ. ಈಗ ನೀವು ಬರೋದೇ ಬೇಡ. ಅಂಥದೇ ಗೊಂಬೆ ಮಾಡಿಸಿ ನಿಲ್ಲಿಸ್ತಾರೆ. ಹಾರ, ಫೋಟೋ, ಭಾಷಣ ಎಲ್ಲ ಅದಕ್ಕೇ. ಅತ್ತಿಗೆ ಮುಖ್ಯ ಅತಿಥಿ.

ಹೆಂಡತಿ: ಕಿರುಚಬೇಕಾ?

ಇತಿಹಾಸಕಾರ: ನಿಮ್ಮಿಷ್ಟ ಅತ್ತಿಗೆ.

ನಟ: ಹಾರ... ಗೊಂಬೆಗಾ?

ಇತಿಹಾಸಕಾರ: ಹೌದು. ನಿಮ್ಮ ಹಳೇ ಕೋಟು ಇದ್ರೆ ಇಸ್ತ್ರಿ ಮಾಡಿಸಿ ಕಳಿಸಬೇಕಂತೆ.

ನಟರ ಮೂಗಿನ ಹೊಳ್ಳೆಗಳು ಅರಳಿದವು. ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

ನಟ: ಯಾವನಯ್ಯಾ ಅವನು ಗೊಂಬೆ? ಒಂದು ಡೈಲಾಗ್ ಹೇಳೋಕೆ ಬರುತ್ತಾ ಅವನಿಗೆ? ಹಾರಿದವನು ನಾನು! ಬರಕೋ!

ಹೆಂಡತಿ: ರೀ, ಈಗ ತಾನೇ ಹಾರಿಲ್ಲ ಅಂದ್ರಲ್ಲ!

ನಟ: ನೀನು ಸುಮ್ನಿರೇ, ದಡದಲ್ಲಿದ್ದೋಳು. ನೀರು ಎಷ್ಟು ತಣ್ಣಗಿತ್ತು ಅಂತ ನನ್ನನ್ನ ಕೇಳು. ಈ ಮೊಣಕಾಲು ನೋಡು!

ಇತಿಹಾಸಕಾರ: ಅದು ಕುರ್ಚಿ ತಾಗಿದ್ದು.

ನಟ: ಹಾರಿದವನೇ ಹೇಳ್ತಿದ್ದೀನಲ್ಲೋ!

ಇತಿಹಾಸಕಾರ: ನಿಮ್ಮ ಬಾಯಿಮಾತು ಸಾಲದು ಅಣ್ಣ. ಇದರಲ್ಲಿ ನಿಮ್ಮ ಸ್ವಾರ್ಥ ಇದೆ. ಅಚ್ಚಾದ ಆಧಾರ ಏನಾದ್ರೂ ಇದ್ರೆ ತೋರಿಸಿ, ನೋಡೋಣ.

ನಟರು ದಡದಡನೆ ಕಪಾಟಿಗೆ ಹೋಗಿ, ದಪ್ಪ ಜೀವನಚರಿತ್ರೆಯನ್ನು ಎಳೆದು ತಂದು, ಚಹಾ ತುಳುಕುವಂತೆ ಮೇಜಿನ ಮೇಲೆ ಕುಕ್ಕಿದರು.

ನಟ: ಅಚ್ಚಾಗಿರೋದು ತಾನೇ ಬೇಕು? ತಗೋ! ನಿನ್ನದೇ ಪುಸ್ತಕ! ಒಂದಿಡೀ ಅಧ್ಯಾಯ ಇದೆ!

ಇತಿಹಾಸಕಾರರು ಪುಸ್ತಕ ತಿರುಗಿಸಿ, ಹಿಂಬದಿಯಲ್ಲಿದ್ದ ತಮ್ಮದೇ ಫೋಟೋವನ್ನು ಒಂದು ಗಳಿಗೆ ನೋಡಿ, ಎರಡು ಬೆರಳಿನಿಂದ ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು.

ಇತಿಹಾಸಕಾರ: ಛೆ, ಛೆ! ಇವನನ್ನ ವಿದ್ವಾಂಸರು ಯಾರೂ ನಂಬಲ್ಲ ಅಣ್ಣ.